ಬೂದಿ ಬಿದ್ದವರ ಬಾಯಿ

'ಗೊಜಿರಾ' ಅಂದರೆ ರಬ್ಬರ್ ರಾಕ್ಷಸ, ಆಟಿಕೆ ಊರು ತುಳಿಯೋ ಸಿನಿಮಾ, ಮಕ್ಕಳಾಟ ಅಂತ ಹೇಳಿ ಕೈ ತೊಳೆದುಕೊಳ್ಳುವವರು ನಮ್ಮಲ್ಲಿ ಬಹಳ. ಇಂಗ್ಲಿಷಿನವರ ಬಾಯಿಗೆ ಬಿದ್ದು ಅದು 'ಗಾಡ್ಜಿಲ್ಲಾ' ಆಯಿತು, ಹೆಸರಿನೊಳಗೆ ದೇವರು ಬಂದು ಕೂತ. ಜಪಾನೀ ಹೆಸರಿನಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ. ಗೊರಿಲ್ಲಾದ ತಲೆ, 'ಕುಜಿರಾ' ಅಂದರೆ ತಿಮಿಂಗಿಲದ ಬಾಲ, ಎರಡನ್ನೂ ಸೇರಿಸಿ ಹೊಲೆದ ಹೆಸರು ಅದು. 1954ರ ನವೆಂಬರ್ 3ರಂದು ಟೋಹೋ ಕಂಪನಿ ತೆರೆಗೆ ತಂದ ಈ 96 ನಿಮಿಷಗಳ ಕಪ್ಪುಬಿಳುಪು ಚಿತ್ರವನ್ನು ಆ ದೇಶದಲ್ಲಿ ಸುಮಾರು 96 ಲಕ್ಷ ಜನ ಟಿಕೆಟ್ ಕೊಂಡು ನೋಡಿದರು. ಅಷ್ಟು ಜನ ಬರೀ ಆಟಿಕೆ ನೋಡೋಕೆ ಹೋಗಿರಲಿಲ್ಲ ಅನ್ನೋದು ನಮ್ಮ ಮಾತು. ನೋವುಂಡವನಿಗೆ ತನ್ನ ನೋವಿನ ಬಗ್ಗೆ ಬಾಯಿ ಬಿಡೋ ಹಕ್ಕು ಇದೆಯೋ ಇಲ್ಲವೋ, ಇದ್ದರೆ ಆ ಬಾಯಿಯನ್ನು ಯಾರು ಮುಚ್ಚಿಸ್ತಾರೆ, ಯಾಕೆ ಮುಚ್ಚಿಸ್ತಾರೆ? ಈ ಚಿತ್ರದ ಜೀವ ಇರೋದು ಈ ಪ್ರಶ್ನೆಯಲ್ಲಿ. ಮುಂದೆ ಚಿತ್ರಕ್ಕೇ ಏನಾಯಿತು ಅನ್ನೋದರಲ್ಲೂ ಇದೇ ಪ್ರಶ್ನೆ ಇದೆ.

1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. ಇಷ್ಟು ಶಾಲೆಯ ಪುಸ್ತಕದಲ್ಲಿದೆ. ಆಮೇಲಿನದ್ದು ಪುಸ್ತಕದಲ್ಲಿಲ್ಲ. ಸೋತ ಜಪಾನು 1952ರ ಏಪ್ರಿಲ್ ತನಕ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ಆ ಸೈನ್ಯ ಬಂದ ತಿಂಗಳಲ್ಲೇ, 1945ರ ಸೆಪ್ಟೆಂಬರಿನಲ್ಲೇ, ಪತ್ರಿಕೆಗಳಿಗೆ ಕಟ್ಟಳೆ ಹಾಕಿತು. ಬಾಂಬಿನ ಬಗ್ಗೆ, ಸುಟ್ಟು ಉಳಿದವರ ಬಗ್ಗೆ ಬರೆದ ಬರಹಕ್ಕೆ ಕತ್ತರಿ ಬಿತ್ತು. ಸುಟ್ಟವರನ್ನು ಪರೀಕ್ಷಿಸಲಿಕ್ಕೆ ಅಂತ ಅಮೆರಿಕದವರು ಒಂದು ಆಯೋಗ ತೆರೆದರು. ಅದು ರಕ್ತ ತೆಗೆಯಿತು, ಅಳತೆ ತೆಗೆಯಿತು, ಔಷಧಿ ಕೊಡಲಿಲ್ಲ. ಹಿರೋಶಿಮಾದ ಸುಟ್ಟ ಮೈಗಳ ಫೋಟೋಗಳು ಅಲ್ಲಿನ ಒಂದು ದೊಡ್ಡ ವಾರಪತ್ರಿಕೆಯಲ್ಲಿ ಅಚ್ಚಾಗಿ ಜನರ ಕೈಗೆ ಬಂದದ್ದು 1952ರ ಆಗಸ್ಟಿನಲ್ಲಿ. ಏಳು ವರ್ಷ! ತನ್ನ ಗಾಯ ತಾನೇ ನೋಡಿಕೊಳ್ಳಲಿಕ್ಕೆ ಒಂದು ದೇಶ ಏಳು ವರ್ಷ ಕಾಯಬೇಕಾಯಿತು.

ಅದಾಗಿ ಎರಡು ವರ್ಷಕ್ಕೆ ಮತ್ತೆ ಬೂದಿ ಬಿತ್ತು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪಗಳಲ್ಲಿ ಅಮೆರಿಕ 'ಬ್ರಾವೋ' ಅನ್ನೋ ಹೆಸರಿನ ಹೈಡ್ರೋಜನ್ ಬಾಂಬು ಸಿಡಿಸಿತು. ಹಿರೋಶಿಮಾ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಅಮೆರಿಕ ತಾನೇ ಗೆರೆ ಎಳೆದು ತೋರಿಸಿದ್ದ ಅಪಾಯದ ವಲಯದ ಹೊರಗೆ ಜಪಾನಿನ ಯಾಯಿಜು ಬಂದರಿನ ಮೀನಿನ ದೋಣಿಯೊಂದು ನಿಂತಿತ್ತು. 'ಐದನೇ ಅದೃಷ್ಟದ ಡ್ರ್ಯಾಗನ್' ಅಂತ ಅದರ ಹೆಸರು. ಅದೃಷ್ಟ! 23 ಮಂದಿ ಬೆಸ್ತರ ಮೇಲೆ ಹವಳದ ದಿಣ್ಣೆಯ ಬಿಳೀ ಬೂದಿ ಸುರಿಯಿತು. ಮೈ ಸುಟ್ಟಿತು, ಕೂದಲು ಉದುರಿತು. ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೊಯಾಮಾ ಐಕಿಚಿ ಸೆಪ್ಟೆಂಬರ್ 23ರಂದು ಸತ್ತ. 'ಗೊಜಿರಾ' ತೆರೆ ಕಂಡದ್ದು ಅವನು ಸತ್ತ ಆರು ವಾರಕ್ಕೆ. ದೋಣಿ ಅಪಾಯದ ವಲಯದ ಒಳಗೇ ಇದ್ದಿರಬೇಕು ಅಂತ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ ಪತ್ರಕರ್ತರ ಮುಂದೆ ಹೇಳಿದ. ಮರುವರ್ಷ ಜನವರಿಯಲ್ಲಿ ಅಮೆರಿಕ ಜಪಾನಿಗೆ 20 ಲಕ್ಷ ಡಾಲರ್ ಕೊಟ್ಟಿತು. ತಪ್ಪು ಒಪ್ಪಿಕೊಂಡು ಕೊಟ್ಟ ಪರಿಹಾರ ಅಲ್ಲ ಅದು, ದಯೆಯಿಂದ ಕೊಟ್ಟ ಹಣ. ಊರಗೌಡ ಹೊಡೆದು ಆಮೇಲೆ ಜೋಳದ ಚೀಲ ಕಳಿಸಿದ ಹಾಗೆ.

ಇದನ್ನೆಲ್ಲ ತಲೇಲಿಟ್ಟುಕೊಂಡು ಚಿತ್ರದ ಮೊದಲ ದೃಶ್ಯ ನೋಡಬೇಕು. ಹಡಗಿನ ಡೆಕ್ಕಿನ ಮೇಲೆ ಕೆಲಸದ ಹುಡುಗರು ಹಾಯಾಗಿ ಕೂತಿದ್ದಾರೆ, ಸಂಗೀತ ನುಡೀತಿದೆ. ಸಮುದ್ರ ಫಳ್ಳಂತ ಬೆಳಗುತ್ತೆ. ಹಡಗು ಉರಿದು ಮುಳುಗುತ್ತೆ. ಅಷ್ಟೆ. ರಾಕ್ಷಸ ಕಾಣೋದಿಲ್ಲ, ಬೆಳಕು ಮಾತ್ರ ಕಾಣುತ್ತೆ. ಆ ಬೆಳಕು ಯಾವುದು ಅಂತ 1954ರ ಜಪಾನೀ ಪ್ರೇಕ್ಷಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುಂದಿನ ದೃಶ್ಯದಲ್ಲಿ ಹಡಗು ಕಂಪನಿಯ ಕಛೇರಿಗೆ ನಾವಿಕರ ಮನೆಯವರು ನುಗ್ಗಿ ನಮ್ಮೋರು ಎಲ್ಲಿ ಅಂತ ಕೇಳ್ತಾರೆ. ಉತ್ತರ ಯಾರ ಹತ್ರಾನೂ ಇಲ್ಲ.

ನಿರ್ದೇಶಕ ಇಶಿರೊ ಹೊಂಡಾ ಸ್ವತಃ ಸಿಪಾಯಿಯಾಗಿ ಚೀನಾದಲ್ಲಿದ್ದು, 1946ರಲ್ಲಿ ಊರಿಗೆ ಮರಳುವಾಗ ಹಿರೋಶಿಮಾದ ಬೂದಿಯನ್ನು ಕಣ್ಣಾರೆ ಕಂಡವನು. ಚಿತ್ರದ ಮೊದಲರ್ಧ ಅವನು ರಾಕ್ಷಸನಿಗೆ ಕೊಟ್ಟಿಲ್ಲ, ಓದೊ ಅನ್ನೋ ಬೆಸ್ತರ ದ್ವೀಪಕ್ಕೆ ಕೊಟ್ಟಿದ್ದಾನೆ. ಬಲೆ ಖಾಲಿ ಬರ್ತಿದೆ. ಒಬ್ಬ ಮುದುಕ ಇದು ಗೊಜಿರಾನ ಕೆಲಸ ಅಂತಾನೆ, ಹುಡುಗಿಯರು ನಗ್ತಾರೆ. ರಾತ್ರಿ ಮುಖವಾಡ ಹಾಕಿ ದೇವರ ಕುಣಿತ ನಡೀತದೆ. ಹಿಂದೆ ಮೀನು ಸಿಗದೇ ಹೋದಾಗ ಊರಿನ ಹುಡುಗಿಯನ್ನ ಗೊಜಿರಾನಿಗೆ ಬಲಿ ಕೊಡ್ತಿದ್ದರು, ಈಗ ಕುಣಿತ ಮಾತ್ರ ಉಳಿದಿದೆ ಅಂತ ಮುದುಕ ಪಟ್ಟಣದಿಂದ ಬಂದ ಪತ್ರಕರ್ತನಿಗೆ ಹೇಳ್ತಾನೆ. ಕೆರೆಗೆ ನೀರು ಬರಲಿಲ್ಲ ಅಂತ ಸೊಸೆಯನ್ನ ಹಾರ ಕೊಟ್ಟ ಕಥೆ ಹಾಡಿಕೊಂಡು ಬಂದ ನಾಡಿನವರು ನಾವು. ಊರು ಉಳಿಯೋಕೆ ಯಾರನ್ನ ನೀರಿಗಿಳಿಸ್ತಾರೆ ಅನ್ನೋ ಲೆಕ್ಕ ಎರಡೂ ಕಡೆ ಒಂದೇ ಕೈ ಬರೆದ ಹಾಗಿದೆ.

ಆಮೇಲೆ ಬಿರುಗಾಳಿಯ ರಾತ್ರಿ ಮನೆಗಳು ನೆಲ ಕಚ್ಚುತ್ತವೆ. ಗಾಳಿಯಿಂದ ಬಿದ್ದದ್ದಲ್ಲ, ಮೇಲಿಂದ ತುಳಿದದ್ದು ಅಂತ ದ್ವೀಪದವರಿಗೆ ಗೊತ್ತು. ಅದನ್ನು ಹೇಳೋಕೆ ಟೋಕಿಯೋಗೆ ಹೋಗ್ತಾರೆ. ದೊಡ್ಡ ಕೊಠಡಿ, ಸೂಟು ಹಾಕಿದ ದೊಡ್ಡೋರು, ಎದುರಿಗೆ ನಿಂತ ಊರಿನವರು. ಮುರಿದ ಮನೆ ಎಷ್ಟು, ಸತ್ತ ಜನ ಎಷ್ಟು, ಸತ್ತ ದನ ಎಷ್ಟು, ಹಂದಿ ಎಷ್ಟು ಅಂತ ಲೆಕ್ಕ ಒಪ್ಪಿಸ್ತಾರೆ. ತಾಲ್ಲೂಕು ಕಛೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತು ಗೊತ್ತಿದ್ದೋರಿಗೆ ಈ ದೃಶ್ಯಕ್ಕೆ ಅಡಿಬರಹ ಬೇಕಿಲ್ಲ. ಹಂದಿಯ ಲೆಕ್ಕ ಹೇಳುವಾಗ ದನಿ ಹೇಗೆ ಕುಗ್ಗುತ್ತದೆ ಅಂತ ನಮಗೆ ಗೊತ್ತು.

ವಿಜ್ಞಾನಿಗಳ ತಂಡ ದ್ವೀಪಕ್ಕೆ ಬರ್ತದೆ. ಒಬ್ಬ ವಿಕಿರಣ ಅಳೆಯೋ ಯಂತ್ರ ಹಿಡಿದು ಬಾವಿಯ ಹತ್ರ ನಿಲ್ತಾನೆ, ಯಂತ್ರ ಟಿಕ್ಕು ಟಿಕ್ಕು ಅನ್ನುತ್ತೆ. ಈ ನೀರು ಮುಟ್ಟಬೇಡಿ ಅಂತಾನೆ. ಮತ್ತೆ ನಾವು ಕುಡಿಯೋದೇನು ಅಂತ ಜನರ ಗೋಳು. ಚಿತ್ರ ಇಲ್ಲಿ ಅರ್ಧ ನಿಮಿಷವೂ ನಿಲ್ಲೋದಿಲ್ಲ, ನಾವು ಮಾತ್ರ ಇಲ್ಲೇ ನಿಂತುಬಿಟ್ಟೆವು. ಬಾವಿ ಮುಟ್ಟಬೇಡ ಅನ್ನೋ ಮಾತನ್ನ ನಾವು ಬೇರೆ ಬಾಯಲ್ಲಿ ಕೇಳಿದೋರು. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದಾಗ ಆ ನೀರಿನಲ್ಲಿ ವಿಷ ಇರಲಿಲ್ಲ. ವಿಷ ಇದ್ದದ್ದು ಬೇಡ ಅಂದವರ ತಲೇಲಿ. ಓದೊ ದ್ವೀಪದ ಬಾವಿಯಲ್ಲಿ ನಿಜವಾದ ವಿಷ ಇದೆ, ಅದನ್ನು ಹಾಕಿದೋರು ಆ ಬಾವಿಯನ್ನು ಒಂದು ದಿನವೂ ಕಂಡೋರಲ್ಲ. ಎರಡನ್ನೂ ಒಂದೇ ಅನ್ನೋಕೆ ನಾವು ಹೊರಟಿಲ್ಲ. ಆದರೆ ನೀರು ಕಳಕೊಂಡೋರ ಮುಖ ಮಾತ್ರ ಎರಡೂ ಕಡೆ ಒಂದೇ ಥರ ಇದೆ.

ಇನ್ನು ಚಿತ್ರದ ಮುಖ್ಯ ದೃಶ್ಯಕ್ಕೆ ಬರೋಣ. ಅದು ಗೊಜಿರಾ ಟೋಕಿಯೋ ಸುಡುವ ದೃಶ್ಯ ಅಲ್ಲ, ಪಾರ್ಲಿಮೆಂಟಿನ ಸಮಿತಿಯ ಸಭೆ. ಮುದಿ ವಿಜ್ಞಾನಿ ಯಮಾನೆ (ಕುರೊಸಾವಾನ ಚಿತ್ರಗಳ ದೊಡ್ಡ ನಟ ತಕಾಶಿ ಶಿಮುರಾ ಈ ಪಾತ್ರದಲ್ಲಿದ್ದಾನೆ) ಗೊಜಿರಾ ಎಲ್ಲಿಂದ ಬಂದ ಅಂತ ವಿವರಿಸ್ತಾನೆ. ಸಾಗರದಾಳದ ಗವಿಯಲ್ಲಿ ಲಕ್ಷಗಟ್ಟಲೆ ವರ್ಷದಿಂದ ಬದುಕಿದ್ದ ಪ್ರಾಣಿ, ಹೈಡ್ರೋಜನ್ ಬಾಂಬಿನ ಪರೀಕ್ಷೆಗಳಿಂದ ತನ್ನ ನೆಲೆ ಕಳಕೊಂಡು ಮೇಲೆ ಬಂದಿದೆ. ಆಳುವ ಕಡೆಯ ಸದಸ್ಯನೊಬ್ಬ ಎದ್ದು ಈ ವಿಷಯ ಹೊರಗೆ ಬಿಡಬಾರದು ಅಂತಾನೆ. ಬಾಂಬಿನ ಮಾತು ಬಂದರೆ ದೇಶದೇಶಗಳ ಸಂಬಂಧ ಕೆಡುತ್ತೆ, ಜನ ಗಾಬರಿಯಾಗ್ತಾರೆ, ಆರ್ಥಿಕತೆ ಕುಸಿಯುತ್ತೆ. ಆಗ ಎದುರು ಸಾಲಿನಿಂದ ಒಬ್ಬ ಮಹಿಳಾ ಸದಸ್ಯೆ ಎದ್ದು ಸತ್ಯ ಸತ್ಯವೇ, ಜನಕ್ಕೆ ಹೇಳಿ ಅಂತ ಕೂಗ್ತಾಳೆ. ಬೈಗುಳ ಹಾರುತ್ತೆ, ತಳ್ಳಾಟ ಆಗುತ್ತೆ. ಯಮಾನೆ ತಲೆ ತಗ್ಗಿಸಿ ಕೂತಿರ್ತಾನೆ.

ಐವತ್ತು ಮೀಟರ್ ಎತ್ತರದ ಪ್ರಾಣಿ ಮನೆ ತುಳಿದಿದೆ. ದೊಡ್ಡೋರ ಮೊದಲ ಚಿಂತೆ ಅದನ್ನು ಯಾರಿಗೂ ಹೇಳಬಾರದು ಅನ್ನೋದು! ಊರೊಳಗಿನ ದೌರ್ಜನ್ಯದ ಸುದ್ದಿ ಪೇಪರಿಗೆ ಹೋದ ದಿನ ಊರ ಮರ್ಯಾದೆ ಹೋಯ್ತು ಅಂತ ಲಬೋಲಬೋ ಅನ್ನೋರನ್ನ ನಾವು ಕಂಡಿಲ್ಲವೇ? ಹೊಡೆದಾಗ ಹೋಗದ ಮರ್ಯಾದೆ, ಹೊಡೆಸಿಕೊಂಡವನು ಬಾಯಿ ಬಿಟ್ಟಾಗ ಹೋಗ್ತದೆ.

ಆ ಸಭೆಯ ಬೆನ್ನಿಗೇ ಸಣ್ಣದೊಂದು ರೈಲಿನ ದೃಶ್ಯ. ಕೆಲಸಕ್ಕೆ ಹೋಗೋ ಮೂವರು ಕೂತಿದ್ದಾರೆ. ಒಬ್ಬ ಹೆಂಗಸು ವಿಕಿರಣ ತಾಗಿದ ಮೀನು ಆಯ್ತು, ಬೂದಿಯ ಮಳೆ ಆಯ್ತು, ಈಗ ಗೊಜಿರಾನೂ ಬಂದ ಅಂತ ಗೊಣಗ್ತಾಳೆ. ನಾಗಸಾಕಿಯಲ್ಲಿ ಹೇಗೋ ಜೀವ ಉಳಿಸಿಕೊಂಡು ಬಂದವಳು ನಾನು ಅಂತಾಳೆ. ಮತ್ತೆ ಊರು ಬಿಡೋದಾ, ಸಾಕಪ್ಪಾ ಸಾಕು ಅಂತ ಜೊತೆಗಿರೋನು ಗೊಣಗ್ತಾನೆ. ಅಳು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ರೇಷನ್ ಅಂಗಡಿ ಮುಂದೆ ನಿಂತು ಆಡೋ ಮಾತಿನ ಹಾಗೆ ಇದೆ. ಏಳು ವರ್ಷ ಕಟ್ಟಿಹಾಕಿದ್ದ ಮಾತು ರೈಲಿನಲ್ಲಿ ಹೀಗೆ ಸಲೀಸಾಗಿ ಹೊರಬಿತ್ತು ನೋಡಿ, ನಮ್ಮ ಮಟ್ಟಿಗೆ ಇಡೀ ಚಿತ್ರದ ಅತಿ ದೊಡ್ಡ ಗಳಿಗೆ ಅದೇ.

ನಮ್ಮ ಗೆಳೆಯರಲ್ಲಿ ಕೆಲವರು ಚಿತ್ರ ನೋಡಿ ಹುಮ್ಮಸ್ಸಿನಿಂದ ಒಂದು ಮಾತು ಹೇಳ್ತಾರೆ. ಗೊಜಿರಾ ಬಂಡಾಯಗಾರ, ಒಕ್ಕಲೆಬ್ಬಿಸಿದವರ ಸಿಟ್ಟು ಅವನು, ಪಾರ್ಲಿಮೆಂಟು ಕೆಡವಿದ, ಶ್ರೀಮಂತರ ಗಿನ್ಜಾ ಬೀದಿ ಸುಟ್ಟ, ನಮ್ಮವನೇ ಅಂತ. ಈ ಓದಿಗೆ ಕಾರಣ ಇದೆ. ರಾಕ್ಷಸ ಅಂದ ಕೂಡಲೇ ನಮ್ಮ ಕಿವಿ ನಿಮಿರುತ್ತೆ. ಪುರಾಣದಲ್ಲಿ ಸತ್ತ ಅಸುರ ಯಾರು, ಕೊಂದು ಕಥೆ ಬರೆದೋರು ಯಾರು ಅಂತ ಕೇಳೋದನ್ನ ನಮಗೆ ಫುಲೆ, ಪೆರಿಯಾರ್ ಕಲಿಸಿದ್ದಾರೆ. ಮೈಸೂರಿನ ಬೆಟ್ಟದ ಮೇಲೆ ಕತ್ತಿ ಹಿಡಿದು ನಿಂತವನನ್ನ ನೋಡುವಾಗಲೂ ನಾವು ಅದನ್ನೇ ಕೇಳ್ತೀವಿ. ಆದರೂ ಈ ಓದನ್ನ ನಾವು ಒಪ್ಪೋದಿಲ್ಲ. ಗೊಜಿರಾ ನೆಲೆ ಕಳಕೊಂಡವನು ಹೌದು, ಅವನ ಮೈಮೇಲಿನ ಚರ್ಮವನ್ನು ಸುಟ್ಟ ಗಾಯದ ಹಾಗೆ ಗಂಟುಗಂಟಾಗಿ ಮಾಡಿದ್ದಾರೆ, ನೋಡಿದರೆ ಕರುಳು ಚುರ್ ಅನ್ನುತ್ತೆ. ಆದರೆ ಅವನು ಮೊದಲು ತುಳಿದದ್ದು ಯಾರನ್ನ? ಬೆಸ್ತರನ್ನ. ಬಾಂಬು ಹಾಕಿದ ದೇಶದ ಕಡೆ ಒಂದು ಹೆಜ್ಜೆ ಇಟ್ಟನೇ? ಇಲ್ಲ. ಉರೀತಿರೋ ಬೀದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ಅವುಚಿಕೊಂಡು ಗೋಡೆಗೆ ಒರಗಿ ಕೂತು, ಇನ್ನೇನು ಅಪ್ಪನ ಹತ್ರ ಹೋಗ್ತೀವಿ ಅಂತ ಸಮಾಧಾನ ಮಾಡ್ತಾಳೆ. ಆ ಅಪ್ಪ ಯುದ್ಧದಲ್ಲಿ ಸತ್ತಿರಬೇಕು ಅಂತ ನಾವೇ ತಿಳೀಬೇಕು. ಅವಳ ಮೇಲೂ ಗೊಜಿರಾನೇ ಬೀಳ್ತಾನೆ. ಸಿಟ್ಟಿಗೆ ದಿಕ್ಕು ಇದ್ದರೆ ಬಂಡಾಯ. ಗೊಜಿರಾ ದಿಕ್ಕಿಲ್ಲದ ಬೂದಿ, ಗಾಳಿ ಬೀಸಿದ ಕಡೆ ಹೋಗಿ ಮೊದಲು ತಳದವರ ತಲೆ ಮೇಲೆ ಬೀಳ್ತದೆ. ಚಿತ್ರದಲ್ಲಿ ಬಂಡಾಯ ಹುಡುಕೋರು ಸಭೆಯಲ್ಲಿ ಎದ್ದು ನಿಂತ ಆ ಹೆಂಗಸನ್ನ ನೋಡಬೇಕು.

ಎಮಿಕೊಳನ್ನೂ ನೋಡಬೇಕು. ಯಮಾನೆಯ ಮಗಳು ಅವಳು. ಯುದ್ಧದಲ್ಲಿ ಒಂದು ಕಣ್ಣು ಕಳಕೊಂಡ ವಿಜ್ಞಾನಿ ಸೆರಿಜಾವಾನಿಗೆ ಅವಳನ್ನು ಕೊಡೋದು ಅಂತ ಹಿರಿಯರ ಮಾತಾಗಿದೆ, ಅವಳ ಮನಸ್ಸು ಒಗಾಟಾ ಅನ್ನೋ ಹುಡುಗನ ಮೇಲಿದೆ. ಈ ಪ್ರೇಮದ ಎಳೆ ಸಾಧಾರಣ, ಬಿಡಿ. ಸೆರಿಜಾವಾ ನೀರಿನ ಆಮ್ಲಜನಕವನ್ನೇ ನಾಶ ಮಾಡಿ ಜೀವವನ್ನೆಲ್ಲ ಕರಗಿಸೋ ವಸ್ತು ಕಂಡುಹಿಡಿದಿದ್ದಾನೆ. ಅದನ್ನು ಅವಳಿಗೊಬ್ಬಳಿಗೆ ತೋರಿಸಿ ಯಾರಿಗೂ ಹೇಳಬಾರದು ಅಂತ ಮಾತು ತಗೊಂಡಿದ್ದಾನೆ. ಗೊಜಿರಾ ಹೋದ ಮರುದಿನ ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾಳೆ. ನೆಲದ ತುಂಬ ಮಲಗಿಸಿದ ಜನ. ಒಂದು ಪುಟ್ಟ ಮಗುವಿನ ಮೈಗೆ ಅದೇ ಯಂತ್ರ ಹಿಡೀತಾರೆ, ಬಾವಿಗೆ ಹಿಡಿದ ಯಂತ್ರ. ಟಿಕ್ಕು ಟಿಕ್ಕು. ವೈದ್ಯ ತಲೆ ಅಲ್ಲಾಡಿಸ್ತಾನೆ. ಇನ್ನೊಂದು ಮಗು ಸತ್ತ ತಾಯಿಗಾಗಿ ಕಿರುಚ್ತದೆ. ಅಲ್ಲಿ ಎಮಿಕೊ ಕೊಟ್ಟ ಮಾತು ಮುರೀತಾಳೆ, ಗುಟ್ಟು ಹೊರಹಾಕ್ತಾಳೆ. ಹೆಣ್ಣು ಮಾತು ಮುರಿದರೆ ಕುಲಗೆಟ್ಟಳು ಅನ್ನೋ ಕಥೆಗಳನ್ನೇ ಕೇಳಿ ಬೆಳೆದ ನಮಗೆ ಇದು ಹೊಸದು. ಈ ಚಿತ್ರದಲ್ಲಿ ಬಾಯಿ ಬಿಡೋ ಧೈರ್ಯ ಇರೋದು ಹೆಂಗಸರಿಗೇ. ಹೊರಗಿನ ಜಪಾನಿನಲ್ಲೂ ಹಾಗೇ ಇತ್ತು. ಅದೇ 1954ರಲ್ಲಿ ಟೋಕಿಯೋದ ಸುಗಿನಾಮಿ ವಾರ್ಡಿನ ಗೃಹಿಣಿಯರು ಹೈಡ್ರೋಜನ್ ಬಾಂಬಿನ ವಿರುದ್ಧ ಸಹಿ ಎತ್ತಲು ಶುರು ಮಾಡಿದರು. ಮೀನು ಕೊಳ್ಳೋಕೆ ಹೆದರಿದ ಅಡುಗೆಮನೆಗಳ ಚಳವಳಿ ಅದು. ಮರುವರ್ಷದ ಹೊತ್ತಿಗೆ ಸಹಿಗಳು ಮೂರು ಕೋಟಿ ದಾಟಿದವು.

ಸೆರಿಜಾವಾ ಮೊದಲು ಒಪ್ಪೋದಿಲ್ಲ. ಒಮ್ಮೆ ಬಳಸಿದರೆ ಲೋಕದ ರಾಜಕಾರಣಿಗಳು ಇದನ್ನು ನನ್ನ ಕೈಲಿ ಇರೋಕೆ ಬಿಡೋದಿಲ್ಲ ಅಂತಾನೆ. ಸರಿಯಾದ ಮಾತೇ. ಟೀವಿಯಲ್ಲಿ ಶಾಲೆಯ ಹೆಣ್ಣುಮಕ್ಕಳು ಶಾಂತಿಗಾಗಿ ಪ್ರಾರ್ಥನೆ ಹಾಡೋದನ್ನ ನೋಡಿ ಮನಸ್ಸು ಕರಗುತ್ತೆ. ತನ್ನ ಸಂಶೋಧನೆಯ ಕಾಗದಗಳನ್ನೆಲ್ಲ ಬೆಂಕಿಗೆ ಹಾಕ್ತಾನೆ, ಸಮುದ್ರದಡಿ ಇಳಿದು ಆ ವಸ್ತು ಬಿಡ್ತಾನೆ, ತನ್ನ ಉಸಿರಿನ ಕೊಳವೆ ತಾನೇ ಕತ್ತರಿಸಿ ಗೊಜಿರಾನ ಜೊತೆ ಸಾಯ್ತಾನೆ. ಹೊಂಡಾ ಇದನ್ನು ಬಹಳ ಗಂಭೀರವಾಗಿ ತೆಗೆದಿದ್ದಾನೆ, ಕಣ್ಣು ಒದ್ದೆಯಾಗುತ್ತೆ. ಆದರೂ ಇಲ್ಲಿ ನಮಗೆ ತಕರಾರಿದೆ. ಕಾಗದ ಸುಡೋದು ನಮಗೆ ಹೊಸದಲ್ಲ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟಾಗ ಸಾವಿರಾರು ಜನ ಸುತ್ತ ನಿಂತಿದ್ದರು, ಯಾಕೆ ಸುಡ್ತಿದ್ದೀವಿ ಅಂತ ಎಲ್ಲರಿಗೂ ಹೇಳಿ ಸುಟ್ಟರು. ಸೆರಿಜಾವಾ ಒಂಟಿ ಕೋಣೆಯಲ್ಲಿ ಸುಡ್ತಾನೆ, ಒಂಟಿಯಾಗಿ ಸಾಯ್ತಾನೆ. ಮನೆತನದಲ್ಲಿ ಮೊದಲ ಸಲ ಅಕ್ಷರ ಕಂಡ ನಮ್ಮಂಥೋರಿಗೆ ವಿದ್ಯೆಯನ್ನ ಒಬ್ಬನ ಎದೆಯಲ್ಲಿ ಬೀಗ ಹಾಕೋದು, ಆಮೇಲೆ ಅವನ ಜೊತೆ ಮುಳುಗಿಸೋದು ತ್ಯಾಗ ಅಂತ ಸುಲಭಕ್ಕೆ ಅನ್ನಿಸೋದಿಲ್ಲ. ಮೂರು ಕೋಟಿ ಸಹಿ ಎದ್ದ ದೇಶದ ಚಿತ್ರ ಕೊನೆಗೆ ಒಬ್ಬ ವೀರನ ಸಾವಿಗೆ ಬಂದು ನಿಂತಿತಲ್ಲ ಅನ್ನೋದು ನಮ್ಮ ದುಃಖ. ಯಮಾನೆಯ ಕೊನೆಯ ಮಾತು ಚಿತ್ರವನ್ನು ಉಳಿಸಿದೆ. ಇದೇ ಕೊನೆಯ ಗೊಜಿರಾ ಅಂತ ನನಗನ್ನಿಸೋದಿಲ್ಲ, ಬಾಂಬಿನ ಪರೀಕ್ಷೆ ನಡೀತಾ ಇದ್ದರೆ ಇನ್ನೊಂದು ಎಲ್ಲಾದರೂ ಏಳ್ತದೆ ಅಂತ ಅವನು ತನಗೆ ತಾನೇ ಹೇಳಿಕೊಳ್ತಾನೆ.

ಕೌಶಲದ ಬಗ್ಗೆ ಎರಡು ಮಾತು. ಐಜಿ ತ್ಸುಬುರಾಯಾ ಇದಕ್ಕೆ ಪುಟಾಣಿ ಟೋಕಿಯೋ ಕಟ್ಟಿಸಿದ. ಬೊಂಬೆಯನ್ನು ಒಂದೊಂದೇ ಚೌಕಟ್ಟಿಗೆ ಅಲ್ಲಾಡಿಸಿ ತೆಗೆಯೋಕೆ ಸಮಯವೂ ದುಡ್ಡೂ ಇಲ್ಲದ್ದರಿಂದ ಹರುವೊ ನಕಾಜಿಮಾ ಅನ್ನೋ ನಟನನ್ನ ಭಾರೀ ತೂಕದ ವೇಷದೊಳಗೆ ಇಳಿಸಿದ. ಬೆಳಕಿನ ಝಳದಲ್ಲಿ ಒಳಗಿದ್ದವನ ಬೆವರು ಹರಿಯುತ್ತಿತ್ತು. ರಾಕ್ಷಸನ ನಡಿಗೆಯಲ್ಲಿರೋ ಆ ಭಾರ ಕೂಲಿಯ ಭಾರ, ನಟನೆ ಅಲ್ಲ. ಇನ್ನು ಗೊಜಿರಾನ ಕೂಗು. ಸಂಗೀತ ಮಾಡಿದ ಅಕಿರಾ ಇಫುಕುಬೆ ದೊಡ್ಡ ತಂತಿವಾದ್ಯದ ತಂತಿಯನ್ನ ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ಆ ಕೂಗು ಹುಟ್ಟಿಸಿದ. ಹಲಗೆ ಬಾರಿಸೋ ಮನೆಗಳಲ್ಲಿ ಹುಟ್ಟಿದೋರಿಗೆ ಚರ್ಮ ಮಾತಾಡ್ತದೆ ಅನ್ನೋದು ಆಶ್ಚರ್ಯ ಅಲ್ಲ. ಆದರೆ ಅದೇ ಇಫುಕುಬೆ ಸೈನ್ಯಕ್ಕೆ ಕೊಟ್ಟಿರೋ ಹುರುಪಿನ ಕವಾಯತು ಸಂಗೀತ ನಮಗೆ ಹಿಡಿಸಲಿಲ್ಲ. ಜಪಾನಿನ ಹೊಸ ಸೈನ್ಯ ಹುಟ್ಟಿದ್ದು ಅದೇ 1954ರ ಜುಲೈನಲ್ಲಿ. ಬಾಂಬನ್ನ ಬೈಯೋ ಚಿತ್ರ ಟ್ಯಾಂಕು ಬಂದಾಗ ಎದೆಯುಬ್ಬಿಸಿ ನಿಲ್ತದೆ.

ಎದೆ ಉಬ್ಬಿದ ಕಡೆ ಮರೆವೂ ಇರ್ತದೆ. ಚೀನಾದಲ್ಲಿ, ಕೊರಿಯಾದಲ್ಲಿ ಜಪಾನೀ ಸೈನ್ಯ ಮಾಡಿದ್ದರ ಬಗ್ಗೆ ಚಿತ್ರ ಒಂದು ಉಸಿರೂ ಬಿಡೋದಿಲ್ಲ. ಹಿರೋಶಿಮಾದಲ್ಲಿ ಸತ್ತೋರೆಲ್ಲ ಜಪಾನೀಯರಲ್ಲ. ದುಡಿಮೆಗೆ ಹಿಡಿದು ತಂದಿದ್ದ ಕೊರಿಯನ್ನರೂ ಸಾವಿರಗಟ್ಟಲೆ ಸತ್ತರು. 1970ರಲ್ಲಿ ಅವರಿಗೊಂದು ಸ್ಮಾರಕ ನಿಲ್ಲಿಸಿದಾಗ ಅದಕ್ಕೆ ಜಾಗ ಸಿಕ್ಕಿದ್ದು ಶಾಂತಿ ಉದ್ಯಾನದ ಹೊರಗೆ, ಹೊಳೆಯ ಆಚೆ ದಡದಲ್ಲಿ. ಉದ್ಯಾನದ ಒಳಗೆ ಬರೋಕೆ 1999 ಆಗಬೇಕಾಯಿತು. ಸತ್ತ ಮೇಲೂ ಕೇರಿ! ಒಂದೇ ಬಾಂಬು, ಒಂದೇ ಬೂದಿ, ಆದರೂ ಕಲ್ಲಿಗೆ ಇಪ್ಪತ್ತೊಂಬತ್ತು ವರ್ಷ ಊರ ಹೊರಗಿನ ವಾಸ.

ಜಪಾನಿನಲ್ಲೂ ನಮ್ಮಂಥೋರು ಇದ್ದಾರೆ ಅನ್ನೋದು ಬಹಳ ಗೆಳೆಯರಿಗೆ ಗೊತ್ತಿಲ್ಲ. ಬುರಾಕು ಜನ ಅಂತಾರೆ. ಸತ್ತ ದನ ಎತ್ತೋದು, ಚರ್ಮ ಹದ ಮಾಡೋದು ಅವರ ಪಾಲಿಗೆ ಬಿದ್ದ ಕೆಲಸ. 1871ರಲ್ಲಿ ಕಾಗದದ ಮೇಲೆ ಅವರ ಹೊಲೆ ಹೋಯಿತು, ಊರಿನ ಮನಸ್ಸಿನಿಂದ ಹೋಗಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಸೇರಿ 'ಸುಯಿಹೈಶಾ' ಅನ್ನೋ ತಮ್ಮ ಸಂಘಟನೆ ಕಟ್ಟಿದರು, ಮಹಾಡಿಗೆ ಐದು ವರ್ಷ ಮೊದಲು. ಅವರ ಚಳವಳಿಯ ಮುಂದಾಳುತನದಲ್ಲಿ 1988ರಲ್ಲಿ ಎಲ್ಲ ಬಗೆಯ ತಾರತಮ್ಯದ ವಿರುದ್ಧ ಒಂದು ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು, ಅದರಲ್ಲಿ ಭಾರತದ ದಲಿತರೂ ಕೈಜೋಡಿಸಿದ್ದಾರೆ. 'ಗೊಜಿರಾ'ದಲ್ಲಿ ಇವರು ಎಲ್ಲೂ ಇಲ್ಲ. ಆದರೆ ಮೈಲಿಗೆ ಅನ್ನೋದು ಹೇಗೆ ಹೊಸದಾಗಿ ಹುಟ್ಟುತ್ತೆ ಅಂತ ಆ ದೇಶದಲ್ಲಿ ಬಾಂಬು ತೋರಿಸಿಕೊಟ್ಟಿತು. ಬಾಂಬಿನಿಂದ ಉಳಿದು ಬಂದವರಿಗೆ ಹೆಣ್ಣು ಕೊಡಲಿಲ್ಲ, ಹೆಣ್ಣು ತರಲಿಲ್ಲ, ಕೆಲಸ ಕೊಡೋಕೆ ಹಿಂಜರಿದರು. ಅವರ ರಕ್ತ ಕೆಟ್ಟಿದೆ, ಹುಟ್ಟೋ ಮಕ್ಕಳೂ ಕೆಟ್ಟಿರ್ತವೆ ಅನ್ನೋ ಮಾತು. ಬಹಳ ಜನ ತಾವು ಹಿರೋಶಿಮಾದೋರು ಅನ್ನೋದನ್ನೇ ಮುಚ್ಚಿಟ್ಟು ಬದುಕಿದರು. ಪಟ್ಟಣಕ್ಕೆ ಹೋಗಿ ಕೇರಿಯ ಹೆಸರು ಮುಚ್ಚಿಟ್ಟು ಬಾಡಿಗೆ ಮನೆ ಹಿಡಿದೋರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಅದೃಷ್ಟದ ಡ್ರ್ಯಾಗನ್ ದೋಣಿಯ ಓಯಿಶಿ ಮಟಾಶಿಚಿ ಹಾಗೆ ಮುಚ್ಚಿಟ್ಟವನು. ಬೂದಿ ಬಿದ್ದಾಗ ಇಪ್ಪತ್ತರ ಹುಡುಗ. ಊರವರ ಕಣ್ಣು ತಪ್ಪಿಸಿಕೊಳ್ಳೋಕೆ ಟೋಕಿಯೋ ಸೇರಿ ಬಟ್ಟೆ ಒಗೆಯೋ ಅಂಗಡಿ ಇಟ್ಟ. ಮೊದಲ ಮಗು ಸತ್ತೇ ಹುಟ್ಟಿತು. ದಶಕಗಳ ಕಾಲ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟ. ಶಾಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ ಹೇಳಿದ, ಪುಸ್ತಕ ಬರೆದ, 2021ರಲ್ಲಿ ಸಾಯೋವರೆಗೆ ಹೇಳ್ತಾ ಹೋದ. ಕಸದ ದಿಬ್ಬದಲ್ಲಿ ಬಿಸಾಕಿದ್ದ ಆ ದೋಣಿಯನ್ನೂ ಟೋಕಿಯೋದ ಜನ ಎತ್ತಿ ಉಳಿಸಿಕೊಂಡರು. 1976ರಿಂದ ಅದಕ್ಕೊಂದು ಪ್ರದರ್ಶನ ಮನೆ ಇದೆ.

ಈಗ ಅಮೆರಿಕದ ಕತ್ತರಿಯ ಕಥೆ. 1956ರಲ್ಲಿ ಹಾಲಿವುಡ್ಡಿನವರು 'ಗೊಜಿರಾ' ಕೊಂಡು 'ಗಾಡ್ಜಿಲ್ಲಾ, ರಾಕ್ಷಸರ ರಾಜ' ಅಂತ ಹೆಸರಿಟ್ಟು 80 ನಿಮಿಷಕ್ಕೆ ಇಳಿಸಿದರು. ಅದಕ್ಕೆ ರೇಮಂಡ್ ಬರ್ ಅನ್ನೋ ನಟನನ್ನ ಅಮೆರಿಕದ ಪತ್ರಕರ್ತನಾಗಿ ಹೊಸದಾಗಿ ತುರುಕಿದರು. ಎಲ್ಲವನ್ನೂ ಅವನೇ ನೋಡ್ತಾನೆ, ಅವನೇ ಹೇಳ್ತಾನೆ. ಎಮಿಕೊ, ಸೆರಿಜಾವಾ ಇವನ ಜೊತೆ ಮಾತಾಡಬೇಕಾದಾಗ ಬೇರೆ ಯಾರನ್ನೋ ಕ್ಯಾಮರಾಕ್ಕೆ ಬೆನ್ನು ಮಾಡಿ ನಿಲ್ಲಿಸಿ ತೆಗೆದರು. ಅಂದರೆ ಇವನಿಗೆ ಮುಖ, ಅವರಿಗೆ ಬೆನ್ನು. ರೈಲಿನಲ್ಲಿ ನಾಗಸಾಕಿಯ ಮಾತಾಡಿದ ಹೆಂಗಸು ಹೋದಳು. ಸಭೆಯಲ್ಲಿ ಕೂಗಿದ ಹೆಂಗಸು ಹೋದಳು. ಬಾಂಬಿನ ಮಾತು ಅಲ್ಲೊಂದು ಕಡೆ ಹಾಗೇ ಉಳಿಯಿತು, ಅಪ್ಪಿತಪ್ಪಿ ಉಳಿದ ಹಾಗೆ. ಯಮಾನೆಯ ಕೊನೆಯ ಎಚ್ಚರಿಕೆಯ ಜಾಗದಲ್ಲಿ ಬರ್ ನಿಂತು ಪೀಡೆ ತೊಲಗಿತು, ಲೋಕ ಮತ್ತೆ ಬದುಕಬಹುದು ಅಂತ ಮುಗಿಸಿದ. ಲೋಕಕ್ಕೆಲ್ಲ ಹರಡಿದ್ದು ಈ ಪ್ರತಿ. ಮೂಲ ಚಿತ್ರ ಅಮೆರಿಕದ ಥಿಯೇಟರುಗಳಲ್ಲಿ ವ್ಯಾಪಕವಾಗಿ ಬಿಡುಗಡೆ ಆದದ್ದು 2004ರಲ್ಲಿ. ಸೈನ್ಯ ಏಳು ವರ್ಷ ಮುಚ್ಚಿದ ಬಾಯನ್ನ ಸಿನಿಮಾ ಕಂಪನಿ ಐವತ್ತು ವರ್ಷ ಮುಚ್ಚಿತು. ನಮ್ಮ ಹಾಡನ್ನ, ಕಥೆಯನ್ನ ಸಂಗ್ರಹ ಮಾಡಿ 'ಪರಿಷ್ಕರಿಸಿ' ಅಚ್ಚು ಹಾಕೋ ಪಂಡಿತರ ನೆನಪಾಗುತ್ತೆ. ಕತ್ತರಿ ಬೀಳೋದು ಯಾವಾಗಲೂ ಒಂದೇ ಜಾಗಕ್ಕೆ. ಅದೇ 1956ರ ಆಗಸ್ಟಿನಲ್ಲಿ ಬಾಂಬಿನಿಂದ ಉಳಿದವರು ನಾಗಸಾಕಿಯಲ್ಲಿ ಸೇರಿ 'ಹಿದಾಂಕ್ಯೊ' ಅನ್ನೋ ತಮ್ಮ ಒಕ್ಕೂಟ ಕಟ್ಟಿದರು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಅವರಿಗೆ.

ಆಮೇಲಿನ ಗೊಜಿರಾಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಟೋಹೋದವರೇ ಅವನನ್ನ ಕುಸ್ತಿಪಟು ಮಾಡಿದರು, ಮಕ್ಕಳ ದೋಸ್ತಿ ಮಾಡಿದರು, ದುಡ್ಡು ಮಾಡಿಕೊಂಡರು. ನಗು ಬರೋದು ಹಾಲಿವುಡ್ಡಿನದು ನೋಡಿ. 1998ರ ಚಿತ್ರದಲ್ಲಿ ಅಮೆರಿಕದೋರು ರಾಕ್ಷಸ ಹುಟ್ಟಿದ್ದು ಫ್ರಾನ್ಸಿನ ಬಾಂಬಿನಿಂದ ಅಂತ ಪಾಪವನ್ನ ಪಕ್ಕದ ಮನೆಗೆ ದಾಟಿಸಿದರು. 2014ರಲ್ಲಿ ಇನ್ನೂ ಮುಂದೆ ಹೋದರು. 1954ರಲ್ಲಿ ಪೆಸಿಫಿಕ್‌ನಲ್ಲಿ ಸಿಡಿಸಿದ್ದು ಪರೀಕ್ಷೆಯೇ ಅಲ್ಲ, ಗಾಡ್ಜಿಲ್ಲಾನನ್ನ ಕೊಲ್ಲೋಕೆ ಹಾಕಿದ ಬಾಂಬು ಅಂತ ಕಥೆ ಕಟ್ಟಿದರು. ಆ ಮಾತನ್ನ ಹೇಳಿಸಿದ್ದು ಸೆರಿಜಾವಾ ಅನ್ನೋ ಹೆಸರಿಟ್ಟ ಜಪಾನೀ ಪಾತ್ರದ ಬಾಯಲ್ಲಿ! ಬೂದಿ ಸುರಿದೋನು ಕಾವಲುಗಾರ ಆದ. ಸಾಕ್ಷಿ ಹೇಳೋಕೆ ಸುಟ್ಟವನ ವಂಶದೋನನ್ನೇ ನಿಲ್ಲಿಸಿದ.

ಈ ಕಥೆಯಲ್ಲಿ ಯಾವ ಚಿತ್ರಕ್ಕೂ ಬಾರದ ಜನ ಇನ್ನೂ ಇದ್ದಾರೆ. ಬಿಕಿನಿಯ ದ್ವೀಪಗಳು ಬರಿದಾಗಿರಲಿಲ್ಲ. ಮನುಕುಲದ ಒಳಿತಿಗೆ ಅಂತ ಹೇಳಿ 1946ರಲ್ಲಿ ಅಲ್ಲಿಯ 167 ಜನರನ್ನ ಎಬ್ಬಿಸಿದರು. ಬ್ರಾವೋ ಸಿಡಿದ ದಿನ ಪಕ್ಕದ ರೊಂಗೆಲಾಪ್ ದ್ವೀಪದ ಮೇಲೂ ಬೂದಿ ಬಿತ್ತು, ಮಕ್ಕಳು ಅದರಲ್ಲಿ ಆಡಿದರು. ಇನ್ನೊಂದು ದ್ವೀಪದಲ್ಲಿದ್ದ 28 ಮಂದಿ ಅಮೆರಿಕನ್ ಸಿಬ್ಬಂದಿಯನ್ನು ಮೊದಲು ಹೊರಗೆ ಸಾಗಿಸಿದರು, ರೊಂಗೆಲಾಪಿನವರನ್ನ ಆಮೇಲೆ. 1957ರಲ್ಲಿ ನೆಲ ಸರಿಯಾಗಿದೆ ಅಂತ ಹೇಳಿ ವಾಪಸ್ ಬಿಟ್ಟರು. ಕಾಯಿಲೆ ತಡೆಯದೆ 1985ರಲ್ಲಿ ಆ ಜನ ಗ್ರೀನ್‌ಪೀಸ್‌ನವರ ಹಡಗು ಹತ್ತಿ ತಾವೇ ದ್ವೀಪ ಬಿಟ್ಟರು. 'ಗೊಜಿರಾ'ದ ಓದೊ ದ್ವೀಪದ ಬಾವಿಯಲ್ಲಿ ನಮಗೆ ಇವರ ನೆರಳು ಕಂಡಿತು. ಹೊಂಡಾ ಇವರನ್ನ ಕಾಣಲಿಲ್ಲ.

ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಈ ಚಿತ್ರ ತೋರಿಸೋಕೆ ಹೊರಟ ಮೇಷ್ಟ್ರುಗಳಿಗೆ, ಗೆಳೆಯರಿಗೆ ಒಂದು ಮಾತು. ಗಾಡ್ಜಿಲ್ಲಾ ಅಂತ ಹುಡುಕಿದರೆ ಹತ್ತಾರು ಸಿಗ್ತವೆ. 1954ರದ್ದು, 96 ನಿಮಿಷದ್ದು ಹುಡುಕಿ. ಶುರುವಿಗೇ ಬಿಳಿಯ ಪತ್ರಕರ್ತನ ಮುಖ ಕಂಡರೆ ನಿಲ್ಲಿಸಿಬಿಡಿ, ಅದು ಅದಲ್ಲ. ಅಡಿಬರಹ ಇಂಗ್ಲಿಷಿನಲ್ಲಿ ಓಡ್ತದೆ, ಮಕ್ಕಳಿಗೆ ನಿಲುಕೋದಿಲ್ಲ. ಸಭೆಯ ದೃಶ್ಯವನ್ನೂ ರೈಲಿನ ದೃಶ್ಯವನ್ನೂ ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಆ ಜಾಗ ಬಂದಾಗ ನಿಲ್ಲಿಸಿ ಗಟ್ಟಿಯಾಗಿ ಓದಿ. ರೈಲಿನ ಹೆಂಗಸಿನ ಮಾತನ್ನ ಯಾವುದಾದರೂ ಹುಡುಗಿಯ ಕೈಲಿ ಓದಿಸಿ. ಗ್ರಂಥದ ಕನ್ನಡ ಬೇಡ, ಅವಳು ಮನೇಲಿ ಆಡೋ ಕನ್ನಡದಲ್ಲಿ.